ಇಕಾಲುಲಿಕ್‌ನಿಂದ ಬಂದ ಮೀನು

ಮೀನು ಸರಿಯಾಗಿ ಸೀಳಲಿಲ್ಲ.

ನೌಯಾ ಕೈಯಲ್ಲಿದ್ದ ಉಲು ಚಾಕುವನ್ನು ಎತ್ತಿ, ಅದರ ಅರ್ಧಚಂದ್ರದ ಅಲಗಿಗೆ ಹೆಬ್ಬೆರಳು ಸವರಿ ನೋಡಿದಳು. ಅಲಗು ಹರಿತವಾಗಿಯೇ ಇತ್ತು. ಮತ್ತೊಮ್ಮೆ ಕೊಯ್ದಳು. ಕಲ್ಲಿನಂತೆ ಹೆಪ್ಪುಗಟ್ಟಿದ ಮೀನು ಸುರುಳಿ ಸುರುಳಿಯಾಗಿ ಏಳಬೇಕು. ಇದು ಚರ್ಮದ ಕೆಳಗೆ ಒದ್ದೆ ಮರಳಿನ ಹಾಗೆ ಉದುರಿತು. ಬೆರಳಿನಷ್ಟು ಆಳಕ್ಕೆ ಇಳಿದ ಮೇಲಷ್ಟೇ ಗಟ್ಟಿ ಕೆಂಪು ಮಾಂಸ ಸಿಕ್ಕಿತು.

ಹೊರಗಿನ ಚೂರೊಂದನ್ನು ಬಾಯಿಗೆ ಹಾಕಿಕೊಂಡಳು. ನೀರು ನೀರು. ರುಚಿ ಎಲ್ಲೋ ಸೋರಿಹೋಗಿತ್ತು.

"ಚಿಕ್ಕಮ್ಮ, ಈ ಮೀನು ಒಂದ್ಸಲ ಕರಗಿದೆ."

ನೆಲದ ಮೇಲೆ ಹಾಸಿದ್ದ ರಟ್ಟಿನ ಆಚೆ ಬದಿಯಲ್ಲಿ ಗೋಡೆಗೊರಗಿ ಕೂತಿದ್ದ ಮಾಕ್ಪಾ ತಲೆ ಎತ್ತಿದಳು. ಮಗಳು ಸತ್ತ ದಿನದಿಂದ ಆಕೆ ಆ ಗೋಡೆ ಬಿಟ್ಟು ಎದ್ದದ್ದೇ ಕಡಿಮೆ.

"ಏನಂದೆ?"

"ಮೇಲ್ಮೇಲೆ ಕರಗಿ, ಆಮೇಲೆ ಮತ್ತೆ ಹೆಪ್ಪುಗಟ್ಟಿದೆ. ಮನೆ ಒಳಗೆ ಇಟ್ಟಿದ್ರಾ?"

"ಒಳಗೆ ಯಾಕೆ ಇಡ್ಲಿ? ನನ್ನ ಮಗಳ ಹೆಣದ ಜೊತೆ ಬಂದ ಡಬ್ಬ ಕಣೇ ಅದು. ನೀನೇ ತಂದು ಬಾಗಿಲಾಚೆ ಇಟ್ಟು ಹೋದೆ. ಅಲ್ಲೇ ಬಿದ್ದಿತ್ತು. ಇವತ್ತು ನೀನು ಬಂದೆ ಅಂತ ತೆಗೆದೆ. ನಂಗಂತೂ ಅದನ್ನ ನೋಡೋಕೂ ಆಗಿಲ್ಲ."

ಬಾಗಿಲಾಚೆ ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗೆ. ಅಲ್ಲಿ ಏನೂ ಕರಗುವುದಿಲ್ಲ. ವಿಮಾನದಿಂದ ಈ ಮನೆಯವರೆಗೆ ಡಬ್ಬ ಬಂದದ್ದು ನೌಯಾಳದೇ ಹಿಮಗಾಡಿಯ ಹಿಂದೆ ಕಟ್ಟಿದ್ದ ತೆರೆದ ಜಾರುಬಂಡಿಯಲ್ಲಿ. ಅಲ್ಲಿಯೂ ಕರಗುವುದಿಲ್ಲ. ಉಳಿದದ್ದು ವಿಮಾನವೊಂದೇ.

ನೌಯಾ ಉಲುವನ್ನು ಕೆಳಗಿಟ್ಟಳು.

"ಬೇಜಾರ್ ಮಾಡ್ಕೋಬೇಡಿ ಚಿಕ್ಕಮ್ಮ. ಈ ಮೀನು ನಂಗೆ ಬೇಕು."

"ತಗೊಂಡ್ಹೋಗು. ನಾಯಿಗೆ ಹಾಕು."

"ನಾಯಿಗಲ್ಲ. ನಿಮ್ಮ ಅಳಿಯನಿಗೆ."

ಪಕ್ಕದ ಕೋಣೆಯಲ್ಲಿ ಸತ್ತವಳ ಮೂರು ಮಕ್ಕಳು ಟಿವಿ ನೋಡುತ್ತಿದ್ದವು. ಸದ್ದು ಜೋರಾಗಿತ್ತು. ಯಾರೂ ತಗ್ಗಿಸಲು ಹೇಳಿರಲಿಲ್ಲ.

"ಅವನು ಹೊಡೆದಿದ್ನಾ ನೌಯಾ?" ಎಂದಳು ಮಾಕ್ಪಾ. "ನಿಜ ಹೇಳು. ಆ ಮಕ್ಕಳಿಗೆ ನಾನು ಏನಂತ ಹೇಳ್ಲಿ?"

"ಇವತ್ತು ಏನೂ ಹೇಳ್ಬೇಡಿ."

ಊರಲ್ಲಿ ಯಾರಾದರೂ ಅಕಾಲದಲ್ಲಿ ಸತ್ತರೆ ಯಾಕೆ, ಹೇಗೆ ಎಂದು ವಿಚಾರಿಸಿ ಬರೆಯುವುದು ನೌಯಾಳ ಕೆಲಸ. ಕೊರೊನರ್ ಎನ್ನುತ್ತಾರೆ. ಹೆಸರು ದೊಡ್ಡದು, ಸಂಬಳ ಹೆಣಕ್ಕಿಷ್ಟು. ಉಳಿದ ದಿನ ಅವಳು ಶಾಲೆಯ ಅಡುಗೆಮನೆಯಲ್ಲಿ ಸೂಪು ಮಾಡುತ್ತಾಳೆ. ಹೋದ ಹದಿನಾಲ್ಕು ವರ್ಷಗಳಲ್ಲಿ ಅವಳು ಬರೆದ ಹೆಣಗಳಲ್ಲಿ ಅರ್ಧಕ್ಕರ್ಧ ಜನ ಸತ್ತದ್ದು ಕಾಯಿಲೆಯಿಂದಲ್ಲ, ದೂರದಿಂದ. ಆದರೆ ಸರ್ಕಾರ ಕೊಟ್ಟ ಕಾಗದದಲ್ಲಿ 'ದೂರ' ಎಂದು ಬರೆಯಲು ಜಾಗವಿಲ್ಲ.

ಮಾಕ್ಪಾಳ ಮಗಳು ಲೀಟಿಯಾಳದೂ ಅದೇ ಕಥೆ. ಗಂಡ ನುತಾರಾಕ್ ಓಡಿಸುತ್ತಿದ್ದ ಹಿಮಗಾಡಿಯಿಂದ ಬಿದ್ದು ತಲೆಗೆ ಪೆಟ್ಟಾಯಿತು. ಅವರ ಊರು ಇಕಾಲುಲಿಕ್‌ನಲ್ಲಿ ಡಾಕ್ಟರಿಲ್ಲ. ಇರುವ ಒಬ್ಬಳೇ ನರ್ಸಿನ ಕೈಯಲ್ಲಿ ಆ ಹೊತ್ತಿಗೆ ಒಂದು ಕಷ್ಟದ ಹೆರಿಗೆ. ರೋಗಿಗಳನ್ನು ಒಯ್ಯುವ ವಿಮಾನ ಬೇರೆಲ್ಲೋ ಸಿಕ್ಕಿಕೊಂಡಿತ್ತು. ಸಾಮಾನು ತಂದಿದ್ದ ವಿಮಾನದ ನೆಲದ ಮೇಲೆ ಹಾಸಿಗೆ ಹಾಸಿ ಅವಳೊಬ್ಬಳನ್ನೇ ಮಲಗಿಸಿ, ಇಲ್ಲಿಗೆ, ತಸಿರ್ಜುವಾಕ್‌ನ ಆಸ್ಪತ್ರೆಗೆ ಕಳಿಸಿದರು. ಗಂಡನಿಗೆ ಜಾಗವಿಲ್ಲವಂತೆ. ಖಾಲಿ ಎಣ್ಣೆ ಪೀಪಾಯಿಗಳಿಗೆ ಜಾಗವಿರುತ್ತದೆ. ಗಂಡನಿಗೆ ಇರುವುದಿಲ್ಲ.

ಉತ್ತರದ ಹಿಮನಾಡಿನ ಈ ಎರಡು ಊರಿನ ನಡುವೆ ರಸ್ತೆಯಿಲ್ಲ. ಆಕಾಶದಲ್ಲಿ ಮುನ್ನೂರ ನಲವತ್ತು ಕಿಲೋಮೀಟರ್, ಆ ವಿಮಾನಕ್ಕೆ ಒಂದು ತಾಸು ಹತ್ತು ನಿಮಿಷ. ಎರಡೂ ಊರಲ್ಲಿ ಹಾಲುಗಲ್ಲದ ಮಕ್ಕಳಿಗೂ ಆ ಲೆಕ್ಕ ಗೊತ್ತು.

ಆ ಲೆಕ್ಕವೇ ನುತಾರಾಕ್‌ನ ಕುತ್ತಿಗೆಗೆ ಬಂದಿತ್ತು.

* * *

"ಮೀನು," ಎಂದ ಸಾರ್ಜೆಂಟ್ ಬೋಡ್ರೋ.

"ಮೀನು," ಎಂದಳು ನೌಯಾ.

ಬೋಡ್ರೋ ಕೆಟ್ಟವನಲ್ಲ. ದಕ್ಷಿಣದಿಂದ ಬಂದು ಎರಡು ವರ್ಷವಾದರೂ ಉಳಿದಿದ್ದಾನೆ. ಮುಂಚಿನವರು ಒಂದು ಚಳಿಗಾಲಕ್ಕೇ ಗಂಟುಮೂಟೆ ಕಟ್ಟಿದ್ದರು. ಇಕಾಲುಲಿಕ್‌ನಿಂದ ಹಿಡಿದು ತಂದು ಠಾಣೆಯ ಹಿಂಬದಿಯ ಕೋಣೆಯಲ್ಲಿ ಕೂಡಿಟ್ಟಿದ್ದ ನುತಾರಾಕ್‌ಗೆ ತನ್ನ ಮನೆಯಿಂದಲೇ ಊಟ ತಂದು ಕೊಡುತ್ತಿದ್ದ. ನುತಾರಾಕ್ ತಟ್ಟೆ ಮುಟ್ಟದೆ ವಾಪಸ್ಸು ಕೊಡುತ್ತಿದ್ದ.

"ನೋಡಿ ನೌಯಾ, ನಂಗೂ ಆ ಮನುಷ್ಯನ್ನ ನೋಡಿದ್ರೆ ಕರುಳು ಚುರ್ ಅನ್ನುತ್ತೆ. ಆದ್ರೆ ಡಾಕ್ಟರ್ ಏನಂದ್ರು? ವಿಮಾನ ನಾಲ್ಕು ಗಂಟೆಗೆ ಇಲ್ಲಿ ಇಳಿದಾಗ ಲೀಟಿಯಾ ಸತ್ತು ಒಂದೂವರೆ ತಾಸಿಗೂ ಜಾಸ್ತಿ ಆಗಿತ್ತು ಅಂದ್ರು. ವಿಮಾನ ಅಲ್ಲಿ ಎದ್ದಿದ್ದು ಎರಡೂ ಐವತ್ತಕ್ಕೆ. ಅಂದ್ರೆ ಹತ್ತಿಸೋ ಹೊತ್ತಿಗೇ ಅವಳು ಇರ್ಲಿಲ್ಲ. ಅದಕ್ಕೆ ಮುಂಚೆ ರನ್‌ವೇ ಪಕ್ಕ ಕಾಯ್ತಾ ಸುಮಾರು ಎರಡು ತಾಸು ಟ್ರಕ್ಕಲ್ಲಿ ಅವಳ ಜೊತೆ ಯಾರಿದ್ರು? ಗಂಡ ಒಬ್ನೇ. ಆದ್ರೂ ಅವನು ಏನಂತಾನೆ? ಕಾದೇ ಇಲ್ಲ, ಹತ್ತಿಸೋವಾಗ ನನ್ನ ಕೈ ಹಿಸುಕಿದ್ಲು, ವಿಮಾನ ಆಗ್ಲೇ ಎದ್ದಿತು ಅಂತಾನೆ."

"ಹಿಸುಕಿರಬಹುದು."

"ಸತ್ತವಳು?"

"ವಿಮಾನ ಎದ್ದ ಹೊತ್ತೇ ಸುಳ್ಳಾದ್ರೆ?"

ಬೋಡ್ರೋ ಕುರ್ಚಿಯಲ್ಲಿ ಹಿಂದಕ್ಕೆ ವಾಲಿದ. "ಇಬ್ಬರು ಹೇಳಿದಾರೆ. ಪೈಲಟ್ ಗಾರ್ಲೆಂಡ್ ಒಬ್ಬ. ಇಕಾಲುಲಿಕ್ ಏರ್‌ಪೋರ್ಟಲ್ಲಿ ರೇಡಿಯೊ ನೋಡ್ಕೊಳೋ ಹುಡುಗ ಇನ್ನೊಬ್ಬ. ನುತಾರಾಕ್ ಬಿಟ್ರೆ ಬೇರೆ ಯಾರೂ ಅಲ್ಲಿರಲಿಲ್ಲ. ಹಿಮ ಬೀಸ್ತಾ ಇತ್ತು, ರನ್‌ವೇ ಗುಡ್ಡದಾಚೆ. ಊರವರು ನೋಡೂ ಇಲ್ಲ, ಕೇಳೂ ಇಲ್ಲ. ಆ ಇಬ್ಬರು ಯಾಕೆ ಸುಳ್ಳು ಹೇಳ್ತಾರೆ?"

"ಅದನ್ನೇ ಕೇಳೋಕೆ ಹೋಗ್ತಿದೀನಿ."

"ನಾಳೆ ಬೆಳಗಿನ ವಿಮಾನಕ್ಕೆ ನುತಾರಾಕ್‌ನ ದಕ್ಷಿಣಕ್ಕೆ ಕಳಿಸ್ಬೇಕು. ಆರ್ಡರ್ ಬಂದಿದೆ." ಅವನು ಕಣ್ಣು ತಪ್ಪಿಸಿದ. "ಹೋದ್ಮೇಲೆ ವಿಚಾರಣೆ ಶುರುವಾಗೋಕೇ ವರ್ಷ ಬೇಕು. ಮಕ್ಕಳನ್ನ ಯಾರಿಗೋ ಸಾಕೋಕೆ ಕೊಡ್ತಾರೆ. ಆ ಅಜ್ಜಿ ಕೈಲಿ ಮೂರು ಮಕ್ಕಳನ್ನ ಬಿಡಲ್ಲ. ನಂಗೆ ಮೀನು ಬೇಡ ನೌಯಾ. ಎದ್ದ ಹೊತ್ತು ಸುಳ್ಳು ಅಂತ ಬಾಯಿಬಿಟ್ಟು ಹೇಳೋ ಒಬ್ಬ ಮನುಷ್ಯನ್ನ ತನ್ನಿ. ಆ ಬಾಗಿಲ ಬೀಗ ನಾನೇ ತೆಗೀತೀನಿ."

ಒಳಗಿನಿಂದ ನುತಾರಾಕ್ ಕೆಮ್ಮಿದ ಸದ್ದು ಕೇಳಿತು. ಎಲ್ಲವನ್ನೂ ಕೇಳಿಸಿಕೊಂಡಿದ್ದ.

* * *

ಮಧ್ಯಾಹ್ನದ ವಿಮಾನ ಓಡಿಸುತ್ತಿದ್ದವನು ಬೇರೆ ಪೈಲಟ್. ನೌಯಾ ಅದರಲ್ಲಿ ಒಂದು ಇಡೀ ಮೀನನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ತನ್ನ ಮನೆಯ ಹೊರಗಿನ ಪೆಟ್ಟಿಗೆಯಿಂದ ತೆಗೆದದ್ದು. ಲೀಟಿಯಾಳ ಮೀನಿನಷ್ಟೇ ದಪ್ಪ, ಅಂಥದ್ದೇ ರಟ್ಟಿನ ಡಬ್ಬ, ಮೇಲೆ ಅಂಥದ್ದೇ ಟೇಪು. ಬಿಸಿಗಾಳಿ ಬರುವ ಕೊಳವೆ ಅವಳ ಮೊಣಕಾಲಿಗೇ ತಾಗುತ್ತಿತ್ತು.

ವಿಮಾನದಲ್ಲಿ ಮೀನಿನ ಡಬ್ಬ ಹಿಡಿದು ಕೂತವಳನ್ನು ಇಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಯಾರು ಎಲ್ಲಿಗೆ ಹೊರಟರೂ ಅವರ ಕೈಯಲ್ಲಿ ಮತ್ತೊಬ್ಬರ ಡಬ್ಬ ಇರುತ್ತದೆ. ಅಕ್ಕನಿಗೆ ಕ್ಯಾರಿಬೂ ಜಿಂಕೆಯ ಮಾಂಸ, ಅತ್ತೆಗೆ ತಿಮಿಂಗಿಲದ ತೊಗಲು. ಬೇಡ ಎಂದವರಿಲ್ಲ. ಲೀಟಿಯಾಳೂ ಅಂದು ಬೆಳಿಗ್ಗೆ, ಬೀಳುವ ಮುಂಚೆ, ತಾಯಿಗೆಂದು ಡಬ್ಬ ಕಟ್ಟಿಟ್ಟಿದ್ದಳು. ತಲೆಯೊಡೆದು ಮಲಗಿದ್ದಾಗಲೂ ಅದನ್ನು ಬಿಟ್ಟು ಹೋಗುವುದಿಲ್ಲ ಎಂದಳಂತೆ.

ಕೆಳಗೆ ಬಿಳಿ. ಮೇಲೆ ಬಿಳಿ. ಲೀಟಿಯಾ ಹೋದ ದಿನ ಗಾಳಿ ವಿಮಾನದ ಬೆನ್ನಿಗಿತ್ತು. ಇವತ್ತು ನೌಯಾಗೆ ಎದುರಿಗಿತ್ತು. ಅದೇ ದೂರ, ಆದರೆ ಒಂದೂವರೆ ತಾಸು ಹಿಡಿಯಿತು. ಒಳ್ಳೆಯದೇ ಆಯಿತು ಎಂದುಕೊಂಡಳು. ಮೀನಿಗೆ ಕರಗಲು ಬೇಕಾದಷ್ಟು ಹೊತ್ತು ಸಿಕ್ಕಿತು.

ಈ ಸೀಟಿನ ಬೆಲೆಗೆ ದಕ್ಷಿಣದವರು ಸಮುದ್ರ ದಾಟಿ, ಬಿಸಿಲಲ್ಲಿ ವಾರ ಮಲಗಿ ಎದ್ದು ಬರುತ್ತಾರೆ. ಇಲ್ಲಿ ಹುಟ್ಟಬೇಕಾದರೂ ವಿಮಾನ, ಹಲ್ಲು ಕೀಳಿಸಬೇಕಾದರೂ ವಿಮಾನ, ಸಾಯಬೇಕಾದರೂ ವಿಮಾನ. ಆ ವಿಮಾನ ಯಾವಾಗ ಎದ್ದಿತು, ಯಾವಾಗ ಇಳಿಯಿತು ಎಂದು ಹೇಳುವ ಹಕ್ಕು ಮಾತ್ರ ಅದರಲ್ಲಿ ಮಲಗಿ ಹೋದವರಿಗಿಲ್ಲ.

ಚಕ್ರ ನೆಲ ಮುಟ್ಟಿತು. ನೌಯಾ ಡಬ್ಬದ ಮುಚ್ಚಳ ಬಿಚ್ಚಿ ಮೀನಿನ ಹೊಟ್ಟೆಗೆ ಉಗುರು ಒತ್ತಿದಳು.

ಉಗುರು ಇಳಿಯಲಿಲ್ಲ.

* * *

ಇಕಾಲುಲಿಕ್ ವಿಮಾನ ನಿಲ್ದಾಣವೆಂದರೆ ಒಂದು ಹಳದಿ ತಗಡಿನ ಕಟ್ಟಡ. ಮುಂದೆ ಬೆಂಚು, ಹಿಂದೆ ರೇಡಿಯೊ ಕೋಣೆ. ಬಂದ ವಿಮಾನ ಇಬ್ಬರನ್ನು ಹತ್ತಿಸಿಕೊಂಡು ಆಗಲೇ ಮರಳಿ ಎದ್ದಿತ್ತು. ಇವತ್ತಿಗೆ ಮತ್ತೆ ವಿಮಾನವಿರಲಿಲ್ಲ.

ರೇಡಿಯೊ ಕೋಣೆಯಲ್ಲಿ ಉಯರಾಕ್ ಒಬ್ಬನೇ ಇದ್ದ. ಇಪ್ಪತ್ನಾಲ್ಕು ವರ್ಷ. ಅವಳನ್ನು ನೋಡಿದೊಡನೆ ಮುಖ ಅರಳಿತು. ಅರಳಿದ್ದು ಅಲ್ಲೇ ನಿಂತಿತು.

"ಬಾ ಮಗಳೇ! ಹೇಳದೆ ಕೇಳದೆ ಬಂದ್ಬಿಟ್ಟಿದೀಯ. ಅಪ್ಪನ್ನ ನೋಡ್ಬೇಕು ಅನ್ನಿಸ್ತಾ?"

"ಅಪ್ಪ ಉಂಡ್ನೋ ಇಲ್ವೋ, ಗಡ್ಡ ಬೋಳಿಸ್ಕೊಂಡ್ನೋ ಇಲ್ವೋ ಅಂತ ನೋಡೋಕೆ ಬಂದೆ."

"ಗಡ್ಡ ಎಲ್ಲಿದೆ? ಇರೋದು ಆರು ಕೂದ್ಲು."

"ನಮ್ಮಪ್ಪಂಗೂ ಆರೇ ಇದ್ದಿದ್ದು."

ನೌಯಾಳ ತಂದೆ ಉಯರಾಕ್ ತೀರಿಕೊಂಡ ಚಳಿಗಾಲ ಕಳೆದ ಮೇಲೆ ಹುಟ್ಟಿದ ಕೂಸಿಗೆ ಅದೇ ಹೆಸರಿಟ್ಟಿದ್ದರು. ಹೆಸರು ಬಂತೆಂದರೆ ಆಳೂ ಬಂದ ಹಾಗೆ. ಅಂದಿನಿಂದ ನಲವತ್ತಾರರ ನೌಯಾಗೆ ಈ ಹುಡುಗ ಅಪ್ಪ, ಅವನಿಗೆ ಇವಳು ಮಗಳು. ಅವನ ಮೊದಲ ಬೂಟು ಹೊಲಿದವಳು ಇವಳು. ಅವನು ಬೇಟೆಯಾಡಿದ ಮೊದಲ ಸೀಲ್ ಪ್ರಾಣಿ ಬಂದದ್ದು ಇವಳ ಮನೆಗೆ. ಅವನೆದುರು ಕೂತು ಅವಳು ಎಂದೂ ದನಿ ಎತ್ತಿದವಳಲ್ಲ. ಅಪ್ಪನೆದುರು ಯಾರು ಎತ್ತುತ್ತಾರೆ?

ಅವನು ಚಹಾ ಸುರಿದ. ಅವಳು ಮೇಜಿನ ಮೇಲೆ ಮೀನು ಇಟ್ಟಳು. ಟಣ್ ಎಂದಿತು.

"ಇದೇನು? ಮೀನಿನೂರಿಗೆ ಮೀನು ತಂದಿದೀಯ? ನಮ್ಮೂರಿನ ಮಾನ ಕಳೀಬೇಡ ಮಗಳೇ."

"ಮುಟ್ಟಿ ನೋಡು."

"ಕಲ್ಲು."

"ಒಂದೂವರೆ ತಾಸು ನನ್ನ ತೊಡೆ ಮೇಲಿತ್ತು. ಬಿಸಿಗಾಳಿ ಕೊಳವೆ ಪಕ್ಕದಲ್ಲೇ. ಆದ್ರೂ ಕರಗಿಲ್ಲ."

ಸಕ್ಕರೆ ಕಲಕುತ್ತಿದ್ದ ಚಮಚ ನಿಂತಿತು.

ನೌಯಾ ಜೇಬಿನಿಂದ ಒಂದು ಪೊಟ್ಟಣ ತೆಗೆದು ಬಿಚ್ಚಿದಳು. "ಇದು ಲೀಟಿಯಾ ಅಮ್ಮಂಗೆ ಅಂತ ಕಟ್ಟಿದ್ದ ಡಬ್ಬದ್ದು. ತಿನ್ನು ಅಪ್ಪ."

"ಹಸಿವಿಲ್ಲ."

"ಒಂದು ಚೂರು."

ಅವನು ಬಾಯಿಗೆ ಹಾಕಿಕೊಂಡ. ಒಮ್ಮೆ ಅಗಿದ. ಎರಡನೇ ಸಲ ಅಗಿಯಲಿಲ್ಲ. ಹಾಲು ಬಿಟ್ಟ ದಿನದಿಂದ ಹೆಪ್ಪುಗಟ್ಟಿದ ಮೀನು ತಿಂದು ಬೆಳೆದವನಿಗೆ ಯಾರೂ ಏನೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವನು ಅದನ್ನು ನುಂಗಲೂ ಇಲ್ಲ, ಉಗುಳಲೂ ಇಲ್ಲ. ಬಾಯಲ್ಲಿಟ್ಟುಕೊಂಡೇ ಕಿಟಕಿಯಾಚೆ ನೋಡಿದ.

"ವಿಮಾನ ಎಷ್ಟು ಹೊತ್ತಿಗೆ ಎದ್ದಿತು ಅಪ್ಪ?"

"ಎರಡೂ ಐವತ್ತು. ಸಾರ್ಜೆಂಟ್‌ಗೆ ಹೇಳಿದೀನಲ್ಲ."

"ಸಾರ್ಜೆಂಟ್‌ಗೆ ಹೇಳಿದ್ದು ನಂಗೆ ಗೊತ್ತು. ನಂಗೆ ಹೇಳು."

"ಬಾಗಿಲು ಹಾಕ್ಕೊಂಡು ಇಲ್ಲೇ ನಿಂತಿತ್ತು. ಎಂಜಿನ್ ಬಿಸಿ ಮಾಡ್ತಾ. ಮೀನು ಆಗ ಕರಗಿರಬೇಕು."

"ಸರಿ. ಮೀನು ಒಳಗಿತ್ತು. ಮೀನು ಒಳಗಿದ್ರೆ ಲೀಟಿಯಾನೂ ಒಳಗಿದ್ಲು. ಹಾಗಾದ್ರೆ ನುತಾರಾಕ್ ಅವಳ ಜೊತೆ ಟ್ರಕ್ಕಲ್ಲಿ ಎರಡು ತಾಸು ಹೇಗಿದ್ದ? ಎರಡೂ ನೀನೇ ಹೇಳಿದ್ದು. ಎರಡರಲ್ಲಿ ಒಂದು ಇಟ್ಕೋ."

"ಡಬ್ಬ ಮೊದಲೇ ಹಾಕಿದ್ವಿ. ಅವಳನ್ನ ಆಮೇಲೆ..."

"ಡಬ್ಬಕ್ಕೆ ಸುತ್ತಿದ್ದ ಹಗ್ಗ ಅವಳ ಮುಷ್ಟೀಲಿತ್ತು ಅಪ್ಪ." ನೌಯಾಳ ದನಿ ಏರಲಿಲ್ಲ. ಏರಿದ್ದರೇ ಅವನಿಗೆ ಸುಲಭವಾಗುತ್ತಿತ್ತು. "ತಸಿರ್ಜುವಾಕ್‌ನಲ್ಲಿ ಆ ಮುಷ್ಟಿ ಬಿಡಿಸಿದ್ದು ನಾನು. ಒಂದೊಂದೇ ಬೆರಳು. ಹೆಣ ಹಗ್ಗ ಹಿಡ್ಕೊಳಲ್ಲ. ಹತ್ತೋವಾಗ ಅವಳಿಗೆ ಜೀವ ಇತ್ತು. ಅಮ್ಮನ ಡಬ್ಬ ಜೋಪಾನ ಮಾಡೋಷ್ಟು ಜೀವ ಇತ್ತು."

ಉಯರಾಕ್ ಮೀನಿನ ಚೂರನ್ನು ಅಂಗೈಗೆ ಉಗುಳಿದ.

"ನಾಳೆ ಬೆಳಿಗ್ಗೆ ನುತಾರಾಕ್‌ನ ದಕ್ಷಿಣಕ್ಕೆ ಕಳಿಸ್ತಾರೆ," ಎಂದಳು ನೌಯಾ. "ಮಕ್ಕಳನ್ನ ಯಾರಿಗೋ ಕೊಡ್ತಾರೆ. ದೊಡ್ಡವಳು ನಿನ್ನೆ ನನ್ನ ಕೇಳಿದ್ಲು, ಅಪ್ಪ ಅಮ್ಮನ್ನ ಕೊಂದ್ನಾ ಅಂತ. ನೀನು ಅವರ ಮನೇಲಿ ಉಂಡವನಲ್ವಾ? ಅವನ ಜೊತೆ ಬೇಟೆಗೆ ಹೋದವನಲ್ವಾ? ಅವನು ಹೊಡೆದಿದ್ದು ನೀನು ನೋಡಿದ್ಯಾ?"

ಅವನು ಮೂಗು ಸುಕ್ಕಿಸಿದ. ಅಲ್ಲಿಯವರು ಇಲ್ಲ ಎನ್ನುವ ಸನ್ನೆ.

"ಇದನ್ನ ಸಾರ್ಜೆಂಟ್ ಕೇಳಿದಾಗ್ಲೂ ಹೀಗೇ ಮೂಗು ಸುಕ್ಕಿಸಿದ್ಯಾ? ಅವರಿಗೆ ಅದು ಅರ್ಥ ಆಗಲ್ಲ ಅಂತ ಗೊತ್ತಿದ್ದೂ?"

ಹೊರಗೆ ಗಾಳಿ ತಗಡನ್ನು ಎಳೆದಾಡುತ್ತಿತ್ತು.

"ಒಂದು ಗಂಟೆಗೆ ಎದ್ದಿತು," ಎಂದ ಅವನು.

ನೌಯಾ ಚಹಾ ಲೋಟವನ್ನು ಪಕ್ಕಕ್ಕೆ ಸರಿಸಿದಳು.

"ಅವಳನ್ನ ಹತ್ತಿಸಿದ ತಕ್ಷಣ ಎದ್ದಿತು ಮಗಳೇ. ನುತಾರಾಕ್ ಹೇಳಿದ್ದೆಲ್ಲ ನಿಜ. ಕೈ ಹಿಸುಕಿದ್ದು ನಾನೇ ನೋಡ್ದೆ. 'ಮನೇಗ್ ಹೋಗು, ಮಕ್ಕಳಿಗೆ ಊಟ ಹಾಕು' ಅಂದ್ಲು ಅವನಿಗೆ. ತಲೆ ಒಡೆದು ಮಲಗಿದಾಳೆ, ಅವನಿಗೆ ಕೆಲಸ ಹೇಳ್ತಿದಾಳೆ. ನಾವು ನಕ್ವಿ ಕೂಡ."

"ಮತ್ತೆ ನಾಲ್ಕು ಗಂಟೆವರೆಗೆ ಎಲ್ಲಿತ್ತು ವಿಮಾನ?"

"ಹಳೇ ರೇಡಾರ್ ಹತ್ರ."

ಎರಡು ಊರಿಗೂ ನಡುವೆ, ಸಮುದ್ರದ ದಂಡೆಯಲ್ಲಿ, ಸೈನ್ಯದವರು ಎಂದೋ ಕಟ್ಟಿ ಬಿಟ್ಟುಹೋದ ರೇಡಾರ್ ಠಾಣೆ. ತುಕ್ಕು ಹಿಡಿದ ಪೀಪಾಯಿ, ಬಾಗಿಲಿಲ್ಲದ ಗುಡಿಸಲು, ಜಲ್ಲಿಯ ಒಂದು ಓಡುದಾರಿ. ಬೇಟೆಗಾರರು ಬಿಟ್ಟರೆ ಅಲ್ಲಿಗೆ ಯಾರೂ ಹೋಗುವುದಿಲ್ಲ.

"ಕೌನಾಕ್ ಅಲ್ಲಿದ್ದ," ಎಂದ ಉಯರಾಕ್. ಕೌನಾಕ್ ಅವನ ತಮ್ಮ. "ಬೇಟೆಗೆ ಹೋಗಿದ್ದ. ಹಿಮಗಾಡಿ ಕೆಟ್ಟೋಯ್ತು. ಕಾಲೆರಡೂ ಮರಗಟ್ಟಿವೆ ಅಂತ ರೇಡಿಯೊದಲ್ಲಿ ಹೇಳ್ದ. ಹುಡುಕೋ ವಿಮಾನದ ಆಫೀಸಿಗೆ ಫೋನ್ ಮಾಡ್ದೆ. ದಕ್ಷಿಣದಲ್ಲಿ ಯಾರೋ ಒಬ್ಳು ಎತ್ತಿದ್ಲು. ಹವಾ ಸರಿ ಹೋದ್ಮೇಲೆ ನೋಡೋಣ ಅಂದ್ಲು. ಮಾರನೇ ದಿನ ಮಾಡ್ದೆ. ನಾಳೆ ಅಂದ್ಲು. ಮತ್ತೆ ಮಾಡ್ದೆ. ನಾಳೆ. ನಿನ್ನ ತಮ್ಮ ಆಗಿದ್ರೆ ನಾಳೆ ಅಂತಿದ್ಯೇನೇ ಅಂತ ಕಿರುಚ್ದೆ. ಫೋನ್ ಇಟ್ಬಿಟ್ಲು."

"ನಿನ್ನ ಅಮ್ಮಂಗೆ ಹೇಳ್ಲಿಲ್ವಾ?"

"ಅವಳ ಎದೆ ಕಾಯಿಲೆ ನಿಂಗೆ ಗೊತ್ತಲ್ಲ. ಬೇಟೆಗೆ ಹೋದವನು ವಾರ ಬಿಟ್ಟು ಬಂದ್ರೂ ಅವಳು ಕೇಳಲ್ಲ. ಗಾರ್ಲೆಂಡ್‌ನ ಕೇಳ್ದೆ. ಹೋಗ್ತಾ ಅಲ್ಲಿ ವಿಮಾನ ಇಳಿಸು, ತಮ್ಮನ್ನ ಎತ್ಕೊಂಡು ಹೋಗು ಅಂತ. ಆಯ್ತು ಅಂದ. ಅವನು ಒಳ್ಳೇವ್ನು ಮಗಳೇ. ಎಷ್ಟು ಡಬ್ಬ ಪುಗಸಟ್ಟೆ ಸಾಗಿಸಿದಾನೆ ನಮಗೆ. ಆಮೇಲೆ..."

"ಆಮೇಲೆ ಲೀಟಿಯಾ ಬಂದ್ಲು."

ಅವನು ಹುಬ್ಬೇರಿಸಿದ. ಹೌದು.

"ಗಾರ್ಲೆಂಡ್ ಮೇಲೆದ್ದ ಮೇಲೆ ರೇಡಿಯೊದಲ್ಲಿ ನನ್ನ ಕೇಳ್ದ. ಈಗ್ಲೂ ಇಳೀಲಾ, ಇಲ್ಲಾ ನೇರ ಹೋಗ್ಲಾ ಅಂತ. ಇದೇ ಕುರ್ಚೀಲಿ ಕೂತಿದ್ದೆ. ನೇರ ಹೋಗು ಅಂದಿದ್ರೆ ಎರಡೂ ಹತ್ತಕ್ಕೆ ಅವಳು ಆಸ್ಪತ್ರೇಲಿ. ಇಳಿ ಅಂದಿದ್ರೆ..." ಅವನು ಮೈಕನ್ನು ದೂರ ತಳ್ಳಿದ. "ನಾನು ಏನೂ ಅನ್ಲಿಲ್ಲ. ಸುಮ್ನಿದ್ದೆ. ಸುಮ್ನಿದ್ರೆ ಏನರ್ಥ ಅಂತ ನಂಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಹತ್ತೇ ನಿಮಿಷದ ಕೆಲಸ ಅಂದ್ಕೊಂಡೆ ಮಗಳೇ. ಹತ್ತು ನಿಮಿಷಕ್ಕೆ ಯಾರೂ ಸಾಯಲ್ಲ ಅಂದ್ಕೊಂಡೆ. ಚಕ್ರ ಹಿಮದಲ್ಲಿ ಹೂತೋಯ್ತಂತೆ. ಅವನೊಬ್ನೇ ಅಗೆದು ಅಗೆದು ಬಿಡಿಸೋ ಹೊತ್ತಿಗೆ..."

ಮುಖವನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡ.

ನೌಯಾಗೆ ಅವನ ಕೆನ್ನೆಗೆ ಬಾರಿಸಬೇಕೆನಿಸಿತು. ಅವನ ತಲೆಯನ್ನು ಎದೆಗೆ ಒತ್ತಿಕೊಳ್ಳಬೇಕೆಂದೂ ಅನಿಸಿತು. ಒಬ್ಬ ತಮ್ಮ, ಮೂರು ಮಕ್ಕಳ ತಾಯಿಯೊಬ್ಬಳು, ಇಬ್ಬರ ನಡುವೆ ಒಂದೇ ಒಂದು ವಿಮಾನ. ಆಯ್ಕೆ ಮಾಡು ಎಂದು ಇಪ್ಪತ್ನಾಲ್ಕರ ಹುಡುಗನ ಕೈಗೆ ಮೈಕು ಕೊಟ್ಟು ಕೂರಿಸಿದವರು ಯಾರು? ಆ 'ನಾಳೆ' ಎಂದವಳು ಈಗ ಎಲ್ಲೋ ಬೆಚ್ಚಗೆ ಕಾಫಿ ಕುಡಿಯುತ್ತಿರುತ್ತಾಳೆ. ಅವಳ ಮೇಲೆ ಯಾರೂ ಕೇಸು ಹಾಕುವುದಿಲ್ಲ. ಅವಳಿಗೆ ಲೀಟಿಯಾ ಎಂಬ ಹೆಸರೂ ಗೊತ್ತಿಲ್ಲ.

ಆದರೆ ಸುಳ್ಳು ಹೇಳಿದ್ದು ಇವನು. ಕಂಬಿ ಎಣಿಸುತ್ತಿರುವವನು ನುತಾರಾಕ್.

"ಸುಳ್ಳು ಹೊತ್ತು ಹೇಳು ಅಂತ ಯಾರು ಅಂದಿದ್ದು?"

"ಗಾರ್ಲೆಂಡ್. ಕಂಪನಿಗೆ ಗೊತ್ತಾದ್ರೆ ಅವನ ಲೈಸೆನ್ಸ್ ಹೋಗುತ್ತೆ, ನನ್ನ ಕೆಲಸ ಹೋಗುತ್ತೆ. ಅವಳು ಹೆಂಗೂ ಉಳೀತಿರಲಿಲ್ಲ ಅಂದ. ನುತಾರಾಕ್‌ನ ಹಿಡೀತಾರೆ ಅಂತ ಅವತ್ತು ನಂಗೇನು ಗೊತ್ತು? ಹಿಡಿದ್ಮೇಲೆ ಗಾರ್ಲೆಂಡ್‌ಗೆ ಫೋನ್ ಮಾಡ್ದೆ, ಹೇಳ್ಬಿಡೋಣ ಅಂತ. ತಡಿ, ಮೊದ್ಲು ನಿನ್ನ ತಮ್ಮನ ಕಾಲು ವಾಸಿ ಆಗ್ಲಿ ಅಂದ."

"ಕೌನಾಕ್ ಎಲ್ಲಿದಾನೆ ಈಗ?"

"ತಸಿರ್ಜುವಾಕ್‌ನಲ್ಲೇ. ಗಾರ್ಲೆಂಡ್ ಮನೇಲಿ. ಆಸ್ಪತ್ರೆಗೆ ಹಾಕಿದ್ರೆ ಎಲ್ಲಿಂದ ಬಂದೆ, ಹೇಗೆ ಬಂದೆ ಅಂತ ಕೇಳ್ತಾರಲ್ಲ. ಗಾರ್ಲೆಂಡೇ ಔಷಧಿ ಹಾಕ್ತಿದಾನೆ. ಚೆನ್ನಾಗಿದಾನಂತೆ."

"ನೀನು ಅವನ ಹತ್ರ ಮಾತಾಡಿದ್ಯಾ?"

"ಮಲಗಿದಾನೆ ಅಂತಾನೆ. ಫೋನ್ ಮಾಡಿದಾಗೆಲ್ಲ ಮಲಗಿದಾನೆ."

ನೌಯಾ ಎದ್ದು ನಿಂತಳು. ಮೇಜು ಬಳಸಿ ಅವನ ಎದುರಿಗೆ ಬಂದಳು.

"ಅಪ್ಪ, ಇಲ್ಲಿ ನೋಡು. ನನ್ನ ಮುಖ ನೋಡು. ಲೀಟಿಯಾ ಸತ್ತಿದಾಳೆ ಅಂತ ಗಾರ್ಲೆಂಡ್ ಮೇಲಿಂದಲೇ ರೇಡಿಯೊದಲ್ಲಿ ಹೇಳಿದ್ದ. ನಂಗೆ ಕರೆ ಬಂತು. ವಿಮಾನ ಇಳಿಯೋ ಮುಂಚೇನೇ ನಾನೂ ಬೋಡ್ರೋನೂ ರನ್‌ವೇ ಮೇಲೆ ನಿಂತಿದ್ವಿ. ಚಕ್ರ ನಿಂತ ಕೂಡ್ಲೇ ಬಾಗಿಲು ಎಳೆದಿದ್ದು ನಾನು. ಒಳಗೆ ಹತ್ತಿದ್ದೂ ನಾನು."

ಅವನು ಅವಳನ್ನೇ ನೋಡುತ್ತಿದ್ದ.

"ಒಳಗೆ ಲೀಟಿಯಾ ಇದ್ಲು. ಮೀನಿನ ಡಬ್ಬ ಇತ್ತು. ಪೀಪಾಯಿಗಳಿದ್ವು. ಮುಂದೆ ಗಾರ್ಲೆಂಡ್ ಕೂತಿದ್ದ. ಬೇರೆ ಯಾರೂ ಇರಲಿಲ್ಲ."

"ಸುಳ್ಳು."

"ನಿನ್ನ ತಮ್ಮ ಆ ವಿಮಾನದಿಂದ ಇಳೀಲಿಲ್ಲ ಅಪ್ಪ."

ಕುರ್ಚಿ ಹಿಂದಕ್ಕೆ ಉರುಳಿಬಿತ್ತು. ಉಯರಾಕ್ ನಿಂತಿದ್ದ. ಮಾತು ಕೂಗಾಗಿ ಬಂತು.

"ಹಾಗಾದ್ರೆ ಲೀಟಿಯಾ ಯಾಕೆ ಸತ್ಲು? ಯಾರಿಗೋಸ್ಕರ ಸತ್ಲು?"

ನೌಯಾ ಅವನ ತೋಳು ಹಿಡಿದಳು. ಅವನು ಕೊಸರಿಕೊಳ್ಳಲಿಲ್ಲ.

"ಬರ್ಕೋ ಮಗಳೇ," ಎಂದ. "ಒಂದು ಗಂಟೆ. ನಾನೇ ಹೇಳ್ದೆ ಅಂತ ಬರ್ಕೋ. ಬೋಡ್ರೋಗೆ ಈಗ್ಲೇ ಫೋನ್ ಮಾಡು, ನಾನೇ ಹೇಳ್ತೀನಿ. ನುತಾರಾಕ್‌ನ ಬಿಡ್ಲಿ. ನನ್ನ ಹಿಡ್ಕೊಳ್ಲಿ. ಆದ್ರೆ ಯಾರಾದ್ರೂ ಹಳೇ ರೇಡಾರ್‌ಗೆ ಹೋಗ್ಲಿ. ಇವತ್ತೇ. ಈಗ್ಲೇ."

ಅವಳು ಗೋಡೆಯ ಫೋನಿಗೆ ಕೈ ಚಾಚಿದಳು.

ಅಷ್ಟರಲ್ಲಿ ರೇಡಿಯೊ ಗರಗರ ಎಂದಿತು.

"ಇಕಾಲುಲಿಕ್, ಗಾರ್ಲೆಂಡ್ ಮಾತಾಡ್ತಿದೀನಿ. ಗಾಳಿ ಎಷ್ಟಿದೆ ಹೇಳು. ಹತ್ತು ನಿಮಿಷದಲ್ಲಿ ಇಳೀತೀನಿ."

ಇಬ್ಬರೂ ಆ ಕಪ್ಪು ಪೆಟ್ಟಿಗೆಯನ್ನು ನೋಡಿದರು. ಫೋನು ನೌಯಾಳ ಕೈಯಲ್ಲೇ ಉಳಿಯಿತು.

ಉಯರಾಕ್ ಮೈಕು ಎತ್ತಿಕೊಂಡ. ದನಿ ನಡುಗಲಿಲ್ಲ. ಐದು ವರ್ಷದಿಂದ ದಿನಕ್ಕೆ ಹತ್ತು ಸಲ ಆಡಿದ ಮಾತುಗಳು ತಾವಾಗಿಯೇ ಹೊರಬಂದವು.

"ಗಾಳಿ ಪಡುವಣದಿಂದ, ಜೋರಾಗಿದೆ. ಎಲ್ಲಿಂದ ಬರ್ತಿದೀಯ? ಎಷ್ಟು ಜನ?"

"ಹಳೇ ರೇಡಾರಿಂದ. ಇಬ್ರು. ನಾನು, ಅವತ್ತು ಅಲ್ಲೇ ಬಿಟ್ಟು ಬಂದ ನಿನ್ನ ತಮ್ಮ." ಗಾರ್ಲೆಂಡ್‌ನ ದನಿ ಸುಸ್ತಾಗಿತ್ತು, ಅಳು ನುಂಗಿದವನ ಹಾಗೆ. "ಜಾರುಬಂಡಿ ತಗೊಂಡು ರನ್‌ವೇ ತುದಿಗೆ ಬಾ. ನೀನೊಬ್ನೇ ಬಾ. ನರ್ಸ್‌ನ ಕರೀಬೇಡ."

ನೌಯಾ ಕಣ್ಣು ಮುಚ್ಚಿದಳು.

ಉಯರಾಕ್ ಮೈಕನ್ನು ಬಾಯಿಗೆ ತಾಗುವಷ್ಟು ಹತ್ತಿರ ತಂದ.

"ಮೈಕು ಅವನ ಕೈಗೆ ಕೊಡು ಗಾರ್ಲೆಂಡ್. ನನ್ನ ತಮ್ಮನ ಕೈಗೆ ಕೊಡು. ಒಂದು ಮಾತು ಆಡ್ಲಿ. ಬರೀ ಉಸಿರಾಡ್ಲಿ, ಸಾಕು."

ರೇಡಿಯೊದಲ್ಲಿ ಎಂಜಿನ್ ಸದ್ದಷ್ಟೇ ಬಂತು. ಗಾರ್ಲೆಂಡ್ ಮೈಕಿನ ಗುಂಡಿ ಒತ್ತಿ ಹಿಡಿದಿದ್ದ, ಎರಡನೆಯವರ ಉಸಿರು ಕೇಳಿಸಲಿಲ್ಲ.

ಆಮೇಲೆ ಮೆಲ್ಲಗೆ ಕೇಳಿದ.

"ಉಯರಾಕ್, ನಿನ್ನ ಪಕ್ಕ ಯಾರಿದಾರೆ?"